ತೊಟ್ಟು

ಬೀಜದ ಗೆಡ್ಡೆ ಕುಯ್ಯುವುದೆಂದರೆ ಕಣ್ಣು ನೋಡಿ ಕುಯ್ಯುವುದು.
ತುಂಡಿಗೆ ಎರಡು ಕಣ್ಣಾದರೂ ಬರಬೇಕು. ಕೊಳೆತದ್ದು ಸಿಕ್ಕರೆ
ಚಾಕು ಔಷಧಿ ನೀರಿಗೆ ಅದ್ದಿ ಮುಂದಿನದಕ್ಕೆ ಹೋಗಬೇಕು.
ಹದಿನೆಂಟು ವರ್ಷದಿಂದ ಇದೇ ಕೂಲಿ.
ಭರಣಿ ಮಳೆ ಬಿತ್ತೆಂದರೆ ದುದ್ದದ ಸುತ್ತಮುತ್ತ
ಯಾರದಾದರೂ ಜಗಲಿಯ ಮೇಲೆ ಮೂಟೆ ಪಕ್ಕ ನಾನಿರುತ್ತೇನೆ.

ಆ ದಿನ ತೊಟ್ಟ ರವಿಕೆ ಬಿಚ್ಚಿ ನೆನೆಹಾಕುವಾಗ ಕಂಡಿತು
ಬಲಗಡೆ ಕಲೆ, ಹುಣಸೆಬೀಜದಷ್ಟು, ಕಂದು.
ತೊಟ್ಟಿನ ತುದಿಯಲ್ಲಿ ಒಂದು ತೊಟ್ಟು.
ರಕ್ತವೋ, ಕೀವೋ, ಎರಡೂ ಅಲ್ಲವೋ.
ನಮ್ಮ ಮಾತಿನಲ್ಲಿ ಎಲ್ಲಕ್ಕೂ ಒಂದೇ ಹೆಸರು:
ಕಾಯಿ ಗಿಡಕ್ಕಂಟಿದ ಜಾಗ,
ಮಗು ನನಗಂಟಿದ ಜಾಗ,
ಸೂರಿನಿಂದ ಬೀಳುವ ಹನಿ.

ಔಷಧಿ ಅಂಗಡಿಯ ತೀರ್ಥೇಶನಿಗೆ ತುರಿಕೆ ಎಂದೆ.
ಎಲ್ಲಿ ಅಂತ ಹೇಳಲಿಲ್ಲ. ಅವನೂ ಕೇಳಲಿಲ್ಲ.
ಹುಳುಕಡ್ಡಿ ಮುಲಾಮು, ಐದು ಟ್ಯೂಬು ಮುಗಿಯಿತು.
ಹಕ್ಕಳೆ ಕಟ್ಟುತ್ತಿತ್ತು, ಉದುರುತ್ತಿತ್ತು, ಮತ್ತೆ ಒಸರುತ್ತಿತ್ತು.
ಹತ್ತಿ ಇಟ್ಟುಕೊಂಡೆ. ಗಂಡನಿಗೆ ಬೆನ್ನು ಮಾಡಿ ಮಲಗಿದೆ.
ಕಡೆಯ ಮಗ ಮೊದಲ ಹಲ್ಲು ಬಂದಾಗ ಕಚ್ಚಿದ್ದು ಇದನ್ನೇ,
ಆಗಿನ ಗಾಯ ಈಗ ಎದ್ದಿದೆಯೇನೋ
ಅಂತ ಕೂಡ ಒಂದು ರಾತ್ರಿ ನಂಬಿದ್ದೆ.

ಎದುರು ಕೂತು ಕುಯ್ಯುತ್ತಿದ್ದ ಹೊಂಬಾಳಮ್ಮ
ಸೆರಗು ಜಾರಿದಾಗ ಕಲೆ ನೋಡಿದಳು.
ಎಲೆಅಡಿಕೆ ಉಗಿದು ಬಂದು ಮೆಲ್ಲಗೆ ಅಂದಳು:
"ಗೆಡ್ಡೆ ಆಗಿದ್ರೆ ಇಷ್ಟೊತ್ತಿಗೆ
ಕುಯ್ದು ನೋಡ್ತಿರಲಿಲ್ವೇನೇ, ದ್ಯಾವೀರಿ?"

ಹಾಸನದ ದೊಡ್ಡಾಸ್ಪತ್ರೆ. ಡಾಕ್ಟರ್ ಪ್ರಮೀಳಾ ಡಿಸಿಲ್ವ.
ತಣ್ಣನೆಯ ಬೆರಳು ಸುತ್ತ ಒತ್ತಿ, ಕಂಕುಳಲ್ಲಿ ತಡಕಿ,
"ಎಷ್ಟು ದಿನದಿಂದ?" ಎಂದರು.
ಎಂಟು ತಿಂಗಳು. ಬೈಯಲಿಲ್ಲ, ಬರೆದುಕೊಂಡರು.
ಎರಡು ಹಲಗೆಯ ನಡುವೆ ಎದೆ ಒತ್ತುವ ಯಂತ್ರ,
ಅಕ್ಕಿರೊಟ್ಟಿ ತಟ್ಟಿದ ಹಾಗೆ.
"ಒಳ್ಳೆಯ ಗಂಟೂ ಇರಬಹುದು, ಕೆಟ್ಟದ್ದೂ ಇರಬಹುದು.
ಮೇಲಿಂದ ಎರಡೂ ಒಂದೇ ಥರ ಕಾಣುತ್ತೆ.
ಚೂರು ತೆಗೆದು ನೋಡದೆ ನಾನು ಏನೂ ಹೇಳಲ್ಲ."
ಗಂಟಿನಲ್ಲಿ ಒಳ್ಳೆಯದೂ ಇದೆಯೆಂದು
ನಲವತ್ತಮೂರು ವರ್ಷಕ್ಕೆ ಮೊದಲ ಸಲ ಕೇಳಿದೆ.

ಮರಗಟ್ಟುವ ಸೂಜಿ. ಪೆನ್ನಿನಂಥದೊಂದು ಟೊಳ್ಳು ಚಾಕು.
ಅಕ್ಕಿನುಚ್ಚಿನಷ್ಟು ನಾನು, ಸೀಸೆಯೊಳಗೆ.

ಹತ್ತು ದಿನ ಅಂದರು. ಹತ್ತೂ ದಿನ ಗೆಡ್ಡೆ ಕುಯ್ದೆ.
ಬರೀ ಸಿಪ್ಪೆಯ ಕಜ್ಜಿಯೋ ಒಳಗಿನ ಕೊಳೆಯೋ
ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ನೋಡಿದೆ.
ಕೆಲಸ ನಿಧಾನವಾಯಿತೆಂದು ಮೇಸ್ತ್ರಿ ಕೂಗಿದ.
ಕೂಗಲಿ.

ಚೀಟಿಯ ಹಿಂದೆ ಡಾಕ್ಟರು ಎರಡು ಸಾಲು ಚುಕ್ಕೆ ಇಟ್ಟರು.
"ಕ್ಯಾನ್ಸರಾಗಿದ್ದರೆ ಈ ಹೊರಗಿನ ಸಾಲು ಕಳಚಿರುತ್ತಿತ್ತು.
ನಿಮ್ಮದರಲ್ಲಿ ಪೂರ್ತಿ ನಿಂತಿದೆ."
"ಬದು ಒಡೆದಿಲ್ಲ ಅನ್ನಿ."
ಕನ್ನಡಕ ತೆಗೆದು ನನ್ನ ಮುಖ ನೋಡಿದರು.
"ಹೌದು. ಬದು ಒಡೆದಿಲ್ಲ."

ಆದರೂ ತೆಗೆಯಲೇಬೇಕು, ಚೂರು ಉಳಿದರೆ ಮತ್ತೆ ಬರುತ್ತದಂತೆ.
ತೆಗೆದರು. ಮುಕ್ಕಾಲು ತೊಟ್ಟು ಉಳಿಸಿದರು,
ಹೊಲಿಗೆ ಇರುವೆ ಸಾಲಿನಷ್ಟು ಸಣ್ಣ.
ಗಂಡ ಆ ರಾತ್ರಿ ವಾರ್ಡಿನ ಹೊರಗೆ ಬೆಂಚಿನ ಮೇಲೆ
ಚಪ್ಪಲಿ ತಲೆಗಿಟ್ಟು ಮಲಗಿದ್ದರು.
ಬೆಳಿಗ್ಗೆ ಅಂದಿದ್ದು ಇಷ್ಟೇ: "ಹೇಳಬಾರದಿತ್ತಾ?"

ಕುಯ್ದ ತುಂಡನ್ನು ಏನು ಮಾಡುತ್ತೀರಿ ಎಂದು ಕೇಳಿದ್ದೆ.
ಮೇಣದಲ್ಲಿ ಅಚ್ಚು ಹಾಕಿ, ನಂಬರು ಬರೆದು,
ಬೀರುವಿನಲ್ಲಿ ವರ್ಷಗಟ್ಟಲೆ ಇಡುತ್ತಾರಂತೆ.
ಈಗ ದುದ್ದದ ಬಸ್ಸು ಹಾಸನ ಮುಟ್ಟಿದಾಗಲೆಲ್ಲ
ಸುಮ್ಮನೆ ಆ ಕಡೆ ತಿರುಗಿ ನೋಡುತ್ತೇನೆ.
ಅಲ್ಲಿ ಯಾವುದೋ ಮಹಡಿಯಲ್ಲಿ, ಕತ್ತಲ ಡ್ರಾಯರಿನಲ್ಲಿ,
ನಾನೂ ಒಂದು ಚೂರು ಇದ್ದೇನೆ,
ಶೀತಗೃಹದ ಬೀಜದಂತೆ.
ಯಾರೂ ಬಿತ್ತುವುದಿಲ್ಲ, ಕೊಳೆಯುವುದೂ ಇಲ್ಲ.